ಪರ ಊರಿನಲ್ಲಿ ಇದ್ದೊಂದು ಕಾರ್ ಕೀ ಕಳೆದುಹೋದರೆ ಏನು ಮಾಡಬೇಕು?

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲಿಗೆ ಇಳಿದು ಮೀನು ನೋಡದೆ ಬರುವುದಿಲ್ಲ. ನಾವೂ ಇಳಿದೆವು. ಮಗ ಪುರಿ ಹಾಕುತ್ತಿದ್ದ. ನಾನು ಅವನ ಅಂಗಿ ಹಿಡಿದುಕೊಂಡು ಬಗ್ಗಿದ್ದೆ. ನನ್ನ ಜೇಬಿನಿಂದ ಏನೋ ಜಾರಿತು, ‘ಗುಳುಂ’ ಎಂದಿತು. ಅದೂ ಪುರಿಯೇ ಇರಬೇಕು ಎಂದು ಹತ್ತಾರು ಮೀನು ಒಟ್ಟಿಗೆ ಮುತ್ತಿದವು. ಮಗ ನಕ್ಕ, ನಾನೂ ನಕ್ಕೆ. ಆಮೇಲೆ ಜೇಬು ಮುಟ್ಟಿ ನೋಡಿಕೊಂಡೆ.

ಕಾರು ಸೆಕೆಂಡ್ ಹ್ಯಾಂಡ್. ಕೊಂಡಾಗ ಸಿಕ್ಕಿದ್ದು ಒಂದೇ ಕೀ. “ಇನ್ನೊಂದು ಮನೇಲೆಲ್ಲೋ ಇದೆ ಸರ್, ಹುಡುಕಿ ಕೊಡ್ತೀನಿ” ಎಂದಿದ್ದರು ಮಾರಿದವರು. ಅದಾಗಿ ಎರಡು ವರ್ಷ. ಅವರೂ ಹುಡುಕಲಿಲ್ಲ, ನಾನೂ ಕೇಳಲಿಲ್ಲ. ಈಗ ಅಮ್ಮನ ಬಿಪಿ ಮಾತ್ರೆ, ಬಟ್ಟೆ ಬ್ಯಾಗು, ಗಾಡಿಯ ಆರ್‌ಸಿ ಎಲ್ಲವೂ ಲಾಕ್ ಆದ ಕಾರಿನೊಳಗೆ. ಮನೆ ಇನ್ನೂರು ಕಿಲೋಮೀಟರ್‌ಗೂ ಆಚೆ.

ಆ ದಿನ ಗೊತ್ತಾಗಿದ್ದು ಇಷ್ಟು: ಬಾಗಿಲು ತೆಗೆಯುವುದು ಒಂದು ಕೆಲಸ, ಗಾಡಿ ಸ್ಟಾರ್ಟ್ ಮಾಡುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಊರಿಗೊಬ್ಬರು ಸಿಗುತ್ತಾರೆ. ಎರಡನೆಯದಕ್ಕೆ ಜಿಲ್ಲೆಗೆ ಬೆರಳೆಣಿಕೆಯ ಜನ. ಗಾಬರಿಯಲ್ಲಿ ನಾವು ಮೊದಲನೆಯದಕ್ಕೆ ದುಡ್ಡು ಸುರಿದು, ಗಾಡಿಗೆ ಗೀರು ಹಾಕಿಸಿಕೊಂಡು, ಕೊನೆಗೆ ಎರಡನೆಯವರನ್ನು ಹುಡುಕಿಕೊಂಡು ಹೋಗುತ್ತೇವೆ. ನಾನು ಮಾಡಿದ್ದೂ ಅದನ್ನೇ. ಹಾಗಾಗಿ ನಾನು ಮಾಡಿದ ಕ್ರಮದಲ್ಲಿ ಅಲ್ಲ, ಮಾಡಬೇಕಿದ್ದ ಕ್ರಮದಲ್ಲಿ ಹೇಳುತ್ತೇನೆ.

ಒಳಗೆ ಯಾರಾದರೂ ಇದ್ದರೆ

ಮಗು, ವಯಸ್ಸಾದವರು ಅಥವಾ ನಾಯಿ ಕಾರಿನೊಳಗೆ ಸಿಕ್ಕಿಕೊಂಡಿದ್ದರೆ ಈ ಬರಹ ಓದುತ್ತಾ ಕೂರಬೇಡಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಶಾಖ ಏರುತ್ತದೆ. 112ಕ್ಕೆ ಫೋನ್ ಮಾಡಿ. ಒಳಗಿನವರು ಸುಸ್ತಾದಂತೆ ಕಂಡರೆ ಯಾರಿಗೂ ಕಾಯದೆ ಗಾಜು ಒಡೆಯಿರಿ. ಅವರು ಕೂತ ಜಾಗದಿಂದ ದೂರ ಇರುವ ಬಾಗಿಲಿನ ಕಿಟಕಿ ಆರಿಸಿ. ಗಾಜಿನ ನಡುವೆ ಅಲ್ಲ, ಮೂಲೆಗೆ ಹೊಡೆಯಬೇಕು. ಮುಂದಿನ ದೊಡ್ಡ ಗಾಜಿಗೆ ಕೈ ಹಾಕಬೇಡಿ. ಅದರ ಎರಡು ಪದರದ ನಡುವೆ ಅಂಟಿನ ಹಾಳೆ ಇರುತ್ತದೆ, ಬಿರುಕು ಬಿಡುತ್ತದೆಯೇ ಹೊರತು ಬಿಟ್ಟುಕೊಡುವುದಿಲ್ಲ.

ಒಳಗೆ ಯಾರೂ ಇಲ್ಲವೇ? ಹಾಗಾದರೆ ಅವಸರವಿಲ್ಲ. ನಿಜವಾಗಿಯೂ ಇಲ್ಲ. ಒಂದು ಕಾಫಿ ಕುಡಿಯಿರಿ.

ಮೊದಲ ಅರ್ಧ ಗಂಟೆ: ಹುಡುಕುವುದು

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಎಲ್ಲರ ಜೇಬು, ವ್ಯಾನಿಟಿ ಬ್ಯಾಗು, ಪ್ರಸಾದದ ಕವರು, ಮಗುವಿನ ಆಟಿಕೆ ಚೀಲ, ಎಲ್ಲವನ್ನೂ ಒಂದು ಟವೆಲ್ ಮೇಲೆ ಸುರಿದು ನೋಡಿ. ಬರೀ ಕೈ ಹಾಕಿ ತಡಕಿದರೆ ಸಾಲದು. ಆಮೇಲೆ ಕಾರಿನ ಹತ್ತಿರ ಹೋಗಿ. ಬಾಗಿಲಿನ ಕೀ ತೂತು, ಡಿಕ್ಕಿಯ ಬೀಗ, ಕಾರಿನ ಮೇಲ್ಛಾವಣಿ, ವೈಪರ್ ಬುಡ, ಚಕ್ರದ ಪಕ್ಕ ನೋಡಿ. ಮೊಬೈಲ್ ಟಾರ್ಚ್ ಹಚ್ಚಿ ಗಾಜಿಗೆ ಕೈ ಅಡ್ಡ ಹಿಡಿದು ಸೀಟಿನ ಮೇಲೆ, ಕಪ್ ಹೋಲ್ಡರ್‌ನಲ್ಲಿ ಇಣುಕಿ. ಡಿಕ್ಕಿಯಿಂದ ಸಾಮಾನು ತೆಗೆಯುವಾಗ ಕೀಯನ್ನು ಒಳಗೇ ಇಟ್ಟು ಬಾಗಿಲು ಜಗ್ಗಿದವರು ಬಹಳ ಜನ.

ಅಲ್ಲೂ ಇಲ್ಲ ಅಂದರೆ ಫೋನ್ ತೆಗೆಯಿರಿ. ಇವತ್ತು ತೆಗೆದ ಫೋಟೋಗಳನ್ನು ಮೊದಲಿನಿಂದ ನೋಡಿ. ಯಾವ ಫೋಟೋದವರೆಗೆ ಕೀ ಕೈಯಲ್ಲಿದೆ ಅಥವಾ ಜೇಬು ಉಬ್ಬಿದೆ? ಆಮೇಲೆ ಫೋನ್‌ಪೇ, ಗೂಗಲ್‌ಪೇ ಲೆಕ್ಕ ತೆಗೆಯಿರಿ. ಯಾವ ಅಂಗಡಿಯಲ್ಲಿ ಎಷ್ಟು ಹೊತ್ತಿಗೆ ನಿಂತಿದ್ದಿರಿ ಎಂದು ಅದು ನಿಮಿಷ ಸಮೇತ ಹೇಳುತ್ತದೆ. ಎಳನೀರಿಗೆ ಸ್ಕ್ಯಾನ್ ಮಾಡುವಾಗ ಕೀಯನ್ನು ಎಳನೀರಿನ ತಳ್ಳುಗಾಡಿಯ ಮೇಲೆ ಇಟ್ಟಿರಬಹುದು. ನಮ್ಮ ನೆನಪಿಗಿಂತ ಈ ಲೆಕ್ಕವನ್ನು ನಂಬಬಹುದು.

ದೇವಸ್ಥಾನದ ಊರುಗಳಲ್ಲಿ ಇನ್ನೂ ಕೆಲವು ಜಾಗಗಳಿವೆ. ಧರ್ಮಸ್ಥಳ, ಕುಕ್ಕೆಯಂಥ ಕಡೆ ಗಂಡಸರು ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ. ಅಂಗಿ ತಲೆಕೆಳಗಾಗುತ್ತದೆ, ಜೇಬು ಖಾಲಿಯಾಗುತ್ತದೆ. ಆ ಸಾಲಿನ ಕಂಬಿಗಳ ಬುಡ ನೋಡಿ. ಚಪ್ಪಲಿ ಬಿಡುವ ಜಾಗ, ಊಟದ ಹಾಲ್‌ನ ಕೈ ತೊಳೆಯುವ ಸಾಲು, ಸ್ನಾನದ ಕೋಣೆ ಇವೂ ಅಷ್ಟೇ. ದುಡ್ಡಿನ ಜೊತೆ ಹುಂಡಿಗೇ ಬಿದ್ದಿರಬಹುದು ಎಂಬ ಅನುಮಾನವಿದ್ದರೆ ಕಚೇರಿಗೆ ಹೋಗಿ ಬರೆಸಿ. ಹುಂಡಿಯನ್ನು ಕೇಳಿದ ಕೂಡಲೇ ತೆಗೆಯುವುದಿಲ್ಲ. ಎಣಿಕೆಯ ದಿನ ಸಿಕ್ಕರೆ ಫೋನ್ ಮಾಡಲಿ.

ಮೈಕಿನಲ್ಲಿ ಹೇಳಿಸುವುದು ಒಳ್ಳೆಯದು, ಆದರೆ ಎಚ್ಚರ. “ಒಂದು ಕೀ ಗೊಂಚಲು ಕಳೆದಿದೆ, ಸಿಕ್ಕವರು ಕಚೇರಿಗೆ ಕೊಡಿ” ಅಷ್ಟು ಸಾಕು. ಕಾರಿನ ಬಣ್ಣ, ಕಂಪನಿ, ನಂಬರ್ ಹೇಳಿಸಬೇಡಿ. ಕೀ ಸಿಕ್ಕವನಿಗೆ ಯಾವ ಕಾರು ಎಂದು ನಾವೇ ಹೇಳಿಕೊಟ್ಟ ಹಾಗಾಗುತ್ತದೆ.

ನೀರಿಗೆ ಬಿದ್ದಿದ್ದರೆ? ಕೈ ಎಟಕುವ ಆಳದಲ್ಲಿ ಕಂಡರೆ ಸರಿ, ಇಲ್ಲವಾದರೆ ಬಿಟ್ಟುಬಿಡಿ. ಹೊಳೆ, ಸಮುದ್ರಕ್ಕೆ ಕೀಗಾಗಿ ಇಳಿಯಬೇಡಿ. ಒಂದು ವೇಳೆ ಸಿಕ್ಕಿತು ಅನ್ನಿ. ಬ್ಯಾಟರಿ ತೆಗೆದು, ಉಪ್ಪುನೀರಾದರೆ ಸಿಹಿನೀರಲ್ಲಿ ತೊಳೆದು, ಒರೆಸಿ ಒಣಗಿಸಿ. ಗುಂಡಿಗಳು ಸತ್ತಿದ್ದರೂ ಒಳಗಿನ ಚಿಪ್ ಬಹುಪಾಲು ಬದುಕಿರುತ್ತದೆ, ಏಕೆಂದರೆ ಅದಕ್ಕೆ ಬ್ಯಾಟರಿಯೇ ಬೇಡ.

ನಿಮ್ಮದು ಯಾವ ಬಗೆಯ ಕೀ?

ಯಾರಿಗೇ ಫೋನ್ ಮಾಡಿದರೂ ಅವರು ಮೊದಲು ಕೇಳುವುದು ಇದನ್ನೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ತೀರಾ ಹಳೆಯ ಗಾಡಿಗಳದ್ದು ಬರೀ ಲೋಹದ ಕೀ. ಬೀಗಕ್ಕೆ ಹೊಂದುವಂತೆ ಕತ್ತರಿಸಿದರೆ ಮುಗಿಯಿತು. ಪೇಟೆಯ ಯಾವ ಕೀ ಅಂಗಡಿಯವರಾದರೂ ಮಾಡುತ್ತಾರೆ.

ಎರಡನೆಯದು ಚಿಪ್ ಕೀ. ಈಗ ರಸ್ತೆಯಲ್ಲಿರುವ ಕಾರುಗಳಲ್ಲಿ ಇದೇ ಜಾಸ್ತಿ. ತಲೆಯ ಪ್ಲಾಸ್ಟಿಕ್ ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ ಇರುತ್ತದೆ. ಕೀ ತೂತಿನ ಸುತ್ತ ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಸುರುಳಿ ಚಿಪ್ಪನ್ನು ಮಾತಾಡಿಸುತ್ತದೆ, ಚಿಪ್ ತನ್ನ ಗುಟ್ಟಿನ ನಂಬರ್ ಹೇಳುತ್ತದೆ. ಗಾಡಿಯ ಕಂಪ್ಯೂಟರ್‌ಗೆ ಆ ನಂಬರ್ ಗುರುತಿದ್ದರೆ ಮಾತ್ರ ಇಂಜಿನ್ ಓಡುತ್ತದೆ. ಇದಕ್ಕೇ ಇಮ್ಮೊಬಿಲೈಸರ್ ಅನ್ನುವುದು. ಸಿನಿಮಾದಲ್ಲಿ ಸ್ಟೇರಿಂಗ್ ಕೆಳಗೆ ಎರಡು ವೈರ್ ಕಿತ್ತು ಕಿಡಿ ಹಾರಿಸಿ ಗಾಡಿ ಓಡಿಸುತ್ತಾರಲ್ಲ, ಅದು ಇಲ್ಲಿ ನಡೆಯುವುದಿಲ್ಲ. ನನ್ನ ಹತ್ತಿರ ಬಂದ ಮೊದಲ ಮೆಕ್ಯಾನಿಕ್ “ಡೈರೆಕ್ಟ್ ಮಾಡ್ಕೊಡ್ತೀನಿ, ಊರಿಗೆ ಹೋಗಿ ಕೀ ಮಾಡಿಸ್ಕೊಳ್ಳಿ ಅಣ್ಣ” ಎಂದರು. ಪುಣ್ಯಕ್ಕೆ ಒಪ್ಪಲಿಲ್ಲ. ಒಪ್ಪಿದ್ದರೆ ಕೀ ಖರ್ಚಿನ ಮೇಲೆ ವೈರಿಂಗ್ ಖರ್ಚು ಬರುತ್ತಿತ್ತು.

ಮೂರನೆಯದು ಸ್ಮಾರ್ಟ್ ಕೀ. ಜೇಬಿನಲ್ಲಿದ್ದರೆ ಸಾಕು, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಜಾತಿ. ಇದರ ಬಗ್ಗೆ ಎರಡು ಮಾತು.

ಒಂದು, ಕೀ ಕೈಯಲ್ಲೇ ಇದ್ದು ಕಾರು ‘ಕೀ ಇಲ್ಲ’ ಎಂದರೆ ಅದು ಕಳೆದ ಕೀ ಅಲ್ಲ, ಸತ್ತ ಬ್ಯಾಟರಿ. ಕೀ ಒಳಗೆ ಒಂದು ಚಿಕ್ಕ ಲೋಹದ ಕೀ ಅಡಗಿರುತ್ತದೆ, ಪಕ್ಕದ ಗುಂಡಿ ಒತ್ತಿ ಎಳೆಯಿರಿ. ಅದರಿಂದ ಬಾಗಿಲು ತೆಗೆದು, ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿ. ಹೆಚ್ಚಿನ ಗಾಡಿಗಳು ಸ್ಟಾರ್ಟ್ ಆಗುತ್ತವೆ. ಕೆಲವು ಮಾಡೆಲ್‌ಗಳಲ್ಲಿ ತಾಗಿಸುವ ಜಾಗ ಬೇರೆ ಇರುತ್ತದೆ, ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ಬ್ಯಾಟರಿ ಬಹುತೇಕ ಸಿಆರ್ 2032. ವಾಚ್ ಅಂಗಡಿಯಲ್ಲಿ ಸಿಗುತ್ತದೆ.

ಎರಡು, ಇದನ್ನು ಮನೆಮಂದಿಗೆಲ್ಲ ಹೇಳಿಡಿ. ಓಡುತ್ತಿರುವ ಗಾಡಿಯಿಂದ ಸ್ಮಾರ್ಟ್ ಕೀ ದೂರ ಹೋದರೂ ಇಂಜಿನ್ ನಿಲ್ಲುವುದಿಲ್ಲ. ಬರೀ ಬೀಪ್ ಎಂದು ಕೂಗುತ್ತದೆ. ಗಂಡ ಜೇಬಿನಲ್ಲಿ ಕೀ ಇಟ್ಟುಕೊಂಡೇ ರೈಲ್ವೆ ಸ್ಟೇಷನ್‌ನಲ್ಲಿ ಇಳಿಯುತ್ತಾನೆ. ಹೆಂಡತಿ ಗಾಡಿ ಓಡಿಸಿಕೊಂಡು ಹೊರಡುತ್ತಾಳೆ. ನಲವತ್ತು ಕಿಲೋಮೀಟರ್ ಆದ ಮೇಲೆ ಟೀಗೆ ಎಂದು ಇಂಜಿನ್ ಆಫ್ ಮಾಡುತ್ತಾಳೆ. ಮುಗೀತು, ಮತ್ತೆ ಸ್ಟಾರ್ಟ್ ಆಗಲ್ಲ. ದಾರಿಯಲ್ಲಿ ಇಂಥ ಬೀಪ್ ಕೇಳಿದರೆ ಇಂಜಿನ್ ಆಫ್ ಮಾಡಬೇಡಿ. ಸುರಕ್ಷಿತ ಜಾಗದಲ್ಲಿ ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಫೋನ್ ಮಾಡಿ, ಕೀ ಇರುವಲ್ಲಿಗೇ ವಾಪಸ್ ಓಡಿಸಿ. ಪೆಟ್ರೋಲ್ ಅಲ್ಲಿಯವರೆಗೆ ಸಾಕಾಗುತ್ತದಾ ನೋಡಿಕೊಳ್ಳಿ. ಬಂಕ್‌ನಲ್ಲಿ ಇಂಜಿನ್ ಆಫ್ ಮಾಡಲೇಬೇಕಲ್ವಾ?

ಕಂಪನಿಯ ಆ್ಯಪ್‌ಗೆ ಜೋಡಿಸಿದ ಗಾಡಿಯಾದರೆ (ಬ್ಲೂಲಿಂಕ್, ಕಿಯಾ ಕನೆಕ್ಟ್, ಸುಜುಕಿ ಕನೆಕ್ಟ್ ಥರದ್ದು) ಫೋನ್‌ನಿಂದಲೇ ಬಾಗಿಲು ತೆಗೆಯಲು ಆಗಬಹುದು. ಕೆಲವು ಮಾಡೆಲ್‌ಗಳಲ್ಲಿ ಇಂಜಿನ್ ಕೂಡ ಸ್ಟಾರ್ಟ್ ಆಗುತ್ತದೆ. ಆದರೆ ಅದು ಎಸಿ ಓಡಲಿ ಎಂದು ಕೊಟ್ಟ ಸೌಲಭ್ಯ. ಕೀ ಇಲ್ಲದೆ ಬ್ರೇಕ್ ತುಳಿದು ಹೊರಡಲು ನೋಡಿದರೆ ಇಂಜಿನ್ ನಿಂತುಬಿಡುತ್ತದೆ. ಸಾಮಾನು ತೆಗೆದುಕೊಳ್ಳಲು ಆ್ಯಪ್ ಸಾಕು, ಊರಿಗೆ ಹೋಗಲು ಸಾಲದು.

ಗಾಡಿಗೆ ಕಾವಲು

ಕೀ ನೀರಿಗೆ ಬಿತ್ತು ಎಂದು ಖಚಿತವಾಗಿ ಗೊತ್ತಿದ್ದರೆ ಚಿಂತೆ ಇಲ್ಲ. ಎಲ್ಲಿ ಬಿತ್ತೋ ಗೊತ್ತಿಲ್ಲ, ಅಥವಾ ಯಾರೋ ಬ್ಯಾಗನ್ನೇ ಎತ್ತಿದ್ದಾರೆ ಎಂದಾದರೆ ಒಬ್ಬರು ಕಾರಿನ ಬಳಿಯೇ ನಿಲ್ಲಬೇಕು. ರಿಮೋಟ್ ಒತ್ತುತ್ತಾ ಪಾರ್ಕಿಂಗ್ ಸುತ್ತಿದರೆ ಯಾವ ಕಾರು ಕಣ್ಣು ಮಿಟುಕಿಸುತ್ತದೆ ಎಂದು ಕಳ್ಳನಿಗೂ ಗೊತ್ತು. ಪಾರ್ಕಿಂಗ್ ಚೀಟಿ ಕೊಡುವವರಿಗೆ ವಿಷಯ ಹೇಳಿ. ರಾತ್ರಿ ಬಿಟ್ಟು ಹೋಗಲೇಬೇಕಾದರೆ ಪರಿಚಯದ ಗಾಡಿಯನ್ನು ಮುಂದೆ ಅಡ್ಡ ನಿಲ್ಲಿಸಿ.

ರಾಷ್ಟ್ರೀಯ ಹೆದ್ದಾರಿ ಪಕ್ಕ ಸಿಕ್ಕಿಹಾಕಿಕೊಂಡಿದ್ದರೆ 1033 ಹಗಲೂ ರಾತ್ರಿ ಎತ್ತುತ್ತಾರೆ. ಅವರು ಕೀ ಮಾಡಿಕೊಡುವುದಿಲ್ಲ, ಆದರೆ ಗಾಡಿಯನ್ನು ರಸ್ತೆಯಿಂದ ಸುರಕ್ಷಿತ ಜಾಗಕ್ಕೆ ಸರಿಸಲು ನೆರವಾಗುತ್ತಾರೆ. ಅವರು ಬರುವವರೆಗೆ ಕಾರಿಗೆ ಒರಗಿ ನಿಲ್ಲಬೇಡಿ. ತಡೆಗಂಬಿಯ ಆಚೆ ನಿಲ್ಲಿ.

ಕಾಗದಪತ್ರ

“ಆರ್‌ಸಿ ಕೊಡಿ, ಆಮೇಲೆ ಮುಟ್ತೀನಿ.” ಒಳ್ಳೆಯ ಕೀ ಕೆಲಸದವರು ಹೀಗೇ ಕೇಳುತ್ತಾರೆ, ಕೇಳಬೇಕು. ಆರ್‌ಸಿ ಒಳಗಿದೆ. ಚಿಂತೆ ಬೇಡ, ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಆರ್‌ಸಿ, ಡಿಎಲ್ ಎರಡೂ ತೆಗೆಯಬಹುದು. ಕಾನೂನಿನ ಪ್ರಕಾರ ಅವಕ್ಕೂ ಮೂಲ ಕಾರ್ಡಿನಷ್ಟೇ ಬೆಲೆ. ಆರ್‌ಸಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ ಇದ್ದರೆ ಮಾತ್ರ ಒದ್ದಾಟ. ಅವರಿಂದ ವಾಟ್ಸಾಪ್‌ನಲ್ಲಾದರೂ ಒಂದು ಪತ್ರ, ಐಡಿ ತರಿಸಿಕೊಳ್ಳಬೇಕಾಗುತ್ತದೆ.

ಪೊಲೀಸರಿಗೆ ಹೇಳಬೇಕಾ? ಹೇಳುವುದು ಒಳ್ಳೆಯದು. ಕರ್ನಾಟಕ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲಿ ಇ-ಲಾಸ್ಟ್ ಎಂಬ ವಿಭಾಗವಿದೆ. ಕಳೆದದ್ದನ್ನು ಬರೆದು ಸ್ವೀಕೃತಿ ಪಡೆಯಬಹುದು. ಅದು ಆಗದಿದ್ದರೆ ಹತ್ತಿರದ ಠಾಣೆಯಲ್ಲಿ ಅರ್ಜಿ ಬರೆದುಕೊಟ್ಟು ಸೀಲ್ ಹಾಕಿದ ಪ್ರತಿ ತನ್ನಿ. ಶೋರೂಂ, ಇನ್ಶೂರೆನ್ಸ್ ಎರಡೂ ಕಡೆ ಈ ಕಾಗದ ಕೇಳಬಹುದು. ಕಳೆದಿದ್ದಲ್ಲ, ಕದ್ದಿದ್ದು ಎಂದಾದರೆ ಎಫ್‌ಐಆರ್ ಮಾಡಿಸಿ. ಘಟನೆ ಬೇರೆ ಊರಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಜೀರೋ ಎಫ್‌ಐಆರ್ ಮಾಡಿಸಬಹುದು.

ಇದೇ ಹೊತ್ತಿಗೆ ಇನ್ಶೂರೆನ್ಸ್ ಪಾಲಿಸಿ ತೆರೆದು ಎರಡು ಪದ ಹುಡುಕಿ: ‘ಕೀ ರಿಪ್ಲೇಸ್‌ಮೆಂಟ್’ ಮತ್ತು ‘ರೋಡ್‌ಸೈಡ್ ಅಸಿಸ್ಟೆನ್ಸ್’. ಮೊದಲನೆಯದಿದ್ದರೆ ಕೀ ಖರ್ಚು ಪಾಲಿಸಿಯ ಮಿತಿಯೊಳಗೆ ವಾಪಸ್ ಬರುತ್ತದೆ. ಎರಡನೆಯದಿದ್ದರೆ ಟೋಯಿಂಗ್ ಸಿಗುತ್ತದೆ. ಆದರೆ ಕೆಲಸ ಮಾಡಿಸುವ ಮೊದಲೇ ಅವರಿಗೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ಮಾಡಿಸಿ ಆದ ಮೇಲೆ ಹೇಳಿದರೆ ತಕರಾರು ಶುರು.

ಮೂರು ದಾರಿ

ಎಷ್ಟೇ ತಲೆ ಕೆರೆದುಕೊಂಡರೂ ಇರುವುದು ಮೂರೇ ದಾರಿ. ಕೀ ಗಾಡಿಯ ಹತ್ತಿರ ಬರಬೇಕು, ಕೀ ಮಾಡುವವರು ಗಾಡಿಯ ಹತ್ತಿರ ಬರಬೇಕು, ಇಲ್ಲವೇ ಗಾಡಿ ಶೋರೂಂಗೆ ಹೋಗಬೇಕು.

*ಮನೆಯಿಂದ ಕೀ ತರಿಸುವುದು.* ಮನೆಯಲ್ಲಿ ಎರಡನೇ ಕೀ ಇದ್ದರೆ ಬೇರೇನೂ ಯೋಚಿಸಬೇಡಿ, ರೂಮ್ ಮಾಡಿ ಉಳಿದುಬಿಡಿ. ಕೀ ಮಾಡಿಸುವ ದುಡ್ಡಿಗಿಂತ ಒಂದು ರಾತ್ರಿಯ ರೂಮ್ ಅಗ್ಗ. ಪರಿಚಯದವರು ಯಾರಾದರೂ ರಾತ್ರಿ ಬಸ್ಸಿಗೆ ಬರುತ್ತಿದ್ದರೆ ಅದೇ ಉತ್ತಮ. ಇಲ್ಲವಾದರೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಇದೆ, 2021ರಿಂದ ನಡೆಯುತ್ತಿದೆ. ದೊಡ್ಡ ಬಸ್ ನಿಲ್ದಾಣದಲ್ಲಿ ಕೊಟ್ಟರೆ ಬಸ್ಸಿನ ಜೊತೆಗೇ ಬರುತ್ತದೆ. ನೀವಿರುವ ಊರಲ್ಲಿ ಅದನ್ನು ಬಿಡಿಸಿಕೊಳ್ಳುವ ಕೌಂಟರ್ ಇದೆಯಾ, ಎಷ್ಟು ಹೊತ್ತಿಗೆ ತೆಗೆಯುತ್ತಾರೆ ಎಂದು ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಹತ್ತಿರದ ದೊಡ್ಡ ಊರಿಗೆ ಕಳಿಸಿ, ನೀವೇ ಹೋಗಿ ತನ್ನಿ. ಕೀಯನ್ನು ಬಟ್ಟೆಯಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿ ಹಾಕಿಸಿ. ಡಬ್ಬಿಯ ಮೇಲೆ ಕಾರಿನ ನಂಬರ್ ಬರೆಯುವುದು ಬೇಡ.

ಇಲ್ಲೊಂದು ತಮಾಷೆ ಇದೆ. ಕಾರ್ ಕೀ ಜೊತೆಗೇ ಮನೆ ಕೀಯನ್ನೂ ಒಂದೇ ಗೊಂಚಲಿಗೆ ಹಾಕಿದ್ದರೆ, ಬೀರುವಿನಲ್ಲಿರುವ ಎರಡನೇ ಕೀ ತೆಗೆಯಲು ಮೊದಲು ಮನೆ ಬೀಗ ಒಡೆಯಬೇಕು!

*ಕೀ ಮಾಡುವವರನ್ನು ಕರೆಸುವುದು.* ನಮ್ಮದು ಇದೇ ಕಥೆ. ಕೀ ಅಂಗಡಿ ಎಲ್ಲ ಕಡೆ ಇದೆ. ಆದರೆ ಒಂದೂ ಕೀ ಇಲ್ಲದ ಗಾಡಿಗೆ ಹೊಸ ಚಿಪ್ ಕೀ ಮಾಡುವವರು ದೊಡ್ಡ ಊರುಗಳಲ್ಲೇ ಸಿಗುವುದು. ಶೃಂಗೇರಿಯಿಂದ ನಮಗೆ ಸಿಕ್ಕಿದ್ದು ಸುಮಾರು ನೂರು ಕಿಲೋಮೀಟರ್ ದೂರದ ಶಿವಮೊಗ್ಗದವರು. ಫೋನ್‌ನಲ್ಲಿ ನಡೆದ ಮಾತು:

“ಸರ್, ಯಾವ ಗಾಡಿ, ಯಾವ ಇಸವಿ? ಬಟನ್ ಸ್ಟಾರ್ಟಾ, ತಿರುಗಿಸೋದಾ?”

“ತಿರುಗಿಸೋದು.”

“ಇನ್ನೊಂದು ಕೀ ಇದ್ಯಾ ಮನೇಲಿ?”

“ಇಲ್ಲ.”

“ಹಂಗಾದ್ರೆ ಆಲ್ ಕೀ ಲಾಸ್ಟ್. ರೇಟ್ ಬೇರೆ ಆಗತ್ತೆ.”

ಈ ‘ಆಲ್ ಕೀ ಲಾಸ್ಟ್’ ಅವರ ಕಸುಬಿನ ಮಾತು. ಒಂದು ಕೀ ಇದ್ದರೆ ಇನ್ನೊಂದನ್ನು ಸೇರಿಸುವುದು ಸುಲಭ. ಒಂದೂ ಇಲ್ಲ ಎಂದರೆ ಬೀಗ ಓದಬೇಕು (ಒಳಗಿನ ಏರಿಳಿತ ಅಳೆದು ಕೀಯ ಹಲ್ಲು ಹೇಗಿರಬೇಕು ಎಂದು ತಿಳಿಯುವುದು), ಗಾಡಿಯ ಕಂಪ್ಯೂಟರ್‌ನ ಒಪ್ಪಿಗೆ ಪಡೆಯಬೇಕು. ಕೆಲವು ಕಂಪನಿಗಳ ಗಾಡಿಗೆ ಗುಟ್ಟಿನ ಪಿನ್ ಕೂಡ ಬೇಕಾಗುತ್ತದೆ. ಹಾಗಾಗಿ ಅವರು ಹೊರಡುವ ಮುನ್ನವೇ ಕೇಳಿಕೊಳ್ಳಿ: ಈ ಮಾಡೆಲ್, ಈ ಇಸವಿಗೆ ಒಂದೂ ಕೀ ಇಲ್ಲದೆ ಹಿಂದೆ ಮಾಡಿದ್ದೀರಾ? ಕೀ, ರಿಮೋಟ್, ಪ್ರೋಗ್ರಾಮಿಂಗ್ (ಹೊಸ ಚಿಪ್‌ನ ಗುರುತನ್ನು ಗಾಡಿಗೆ ಕಲಿಸುವುದು), ಬಂದು ಹೋಗುವ ಖರ್ಚು ಎಲ್ಲ ಸೇರಿ ಎಷ್ಟು? ಬಂದ ಮೇಲೆ ಆಗದಿದ್ದರೆ ಎಷ್ಟು ಕೊಡಬೇಕು? ಮೂರನೆಯ ಪ್ರಶ್ನೆ ಕೇಳಲು ನಮಗೆ ಸಂಕೋಚ. ಜಗಳ ಹುಟ್ಟುವುದು ಅಲ್ಲೇ.

ಸಂಜೆ ಆರಕ್ಕೆ ಓಮ್ನಿಯಲ್ಲಿ ಬಂದರು. ಇಪ್ಪತ್ತೈದು ದಾಟದ ಹುಡುಗ. ಡಿಜಿಲಾಕರ್‌ನ ಆರ್‌ಸಿ, ನನ್ನ ಆಧಾರ್ ನೋಡಿ ಫೋಟೋ ತೆಗೆದುಕೊಂಡ. ಡ್ರೈವರ್ ಬಾಗಿಲ ಬೀಗಕ್ಕೆ ಚಪ್ಪಟೆ ಉಪಕರಣವೊಂದನ್ನು ತೂರಿಸಿದ. ಅದರ ಮೇಲೆ ಸ್ಕೇಲಿನ ಹಾಗೆ ಗೆರೆಗಳಿದ್ದವು. ಕಣ್ಣು ಎತ್ತಲೋ ಇತ್ತು, ಬೆರಳು ಮಾತ್ರ ನಿಧಾನ ಆಡುತ್ತಿತ್ತು, ನಾಡಿ ನೋಡುವವರ ಹಾಗೆ. ‘ಟಿಕ್’ ಎಂದಾಗಲೆಲ್ಲ ಒಂದು ನಂಬರ್ ಹೇಳುತ್ತಿದ್ದ. ನನ್ನ ಮಗ ಅದನ್ನು ಪ್ರಸಾದದ ಕವರಿನ ಹಿಂದೆ ಬರೆದುಕೊಳ್ಳುತ್ತಿದ್ದ. ಬಾಗಿಲು ತೆರೆದ ಕೂಡಲೇ ಅಲಾರಂ ಕಿರುಚಿತು. ಬೀದಿಯೆಲ್ಲ ತಿರುಗಿ ನೋಡಿತು. (ಇದು ಆಗೇ ಆಗುತ್ತದೆ, ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ.) ಆ ನಂಬರುಗಳನ್ನು ಓಮ್ನಿಯೊಳಗಿನ ಪುಟ್ಟ ಮೆಷಿನ್‌ಗೆ ಹಾಕಿದ. ಹೊಳೆಯುವ ಪುಡಿ ಉದುರಿತು, ಎರಡು ಕೀ ಬಂದವು. ಸ್ಟೇರಿಂಗ್ ಕೆಳಗೆ, ಗಾಡಿಯ ಕಂಪ್ಯೂಟರ್ ಜೊತೆ ಮಾತಾಡಲು ಇರುವ ಓಬಿಡಿ ಸಾಕೆಟ್‌ಗೆ ಟ್ಯಾಬ್ಲೆಟ್ ಚುಚ್ಚಿದ. ಡ್ಯಾಶ್‌ಬೋರ್ಡ್‌ನಲ್ಲಿ ಕೀ ಚಿತ್ರದ ದೀಪ ಪಟಪಟನೆ ಮಿಟುಕುತ್ತಿತ್ತು. ಮುಕ್ಕಾಲು ಗಂಟೆ ಆದ ಮೇಲೆ ಅದು ಮಿಟುಕುವುದು ನಿಲ್ಲಿಸಿ ಆರಿತು. “ಈಗ ತಿರುಗಿಸಿ ಸರ್” ಎಂದ.

ಎರಡು ಕೀ, ಪ್ರೋಗ್ರಾಮಿಂಗ್ ಸೇರಿ 6,500. ಬಂದು ಹೋದದ್ದಕ್ಕೆ 2,000. ಇದು ನನ್ನ ಚಿಕ್ಕ ಕಾರಿನ ಲೆಕ್ಕ. ಸ್ಮಾರ್ಟ್ ಕೀಗೆ, ದುಬಾರಿ ಗಾಡಿಗೆ ಇದರ ಎರಡು ಮೂರು ಪಟ್ಟಾದರೂ ಆಶ್ಚರ್ಯವಿಲ್ಲ.

ದುಡ್ಡು ಕೊಡುವ ಮೊದಲು ಇಷ್ಟು ಮಾಡಿಸಿ. ಕಳೆದ ಕೀಯ ಗುರುತನ್ನು ಗಾಡಿಯ ನೆನಪಿನಿಂದ ಅಳಿಸಿದ್ದಾರಾ ಕೇಳಿ. ಅಳಿಸಿದರೆ ಯಾರಿಗೋ ಆ ಕೀ ಸಿಕ್ಕರೂ ಇಂಜಿನ್ ಓಡುವುದಿಲ್ಲ. ಆದರೆ ಬಾಗಿಲು ತೆರೆಯಬಹುದು, ಏಕೆಂದರೆ ಬೀಗ ಹಳೆಯದೇ. ಕಳ್ಳತನವಾಗಿದ್ದರೆ ಊರಿಗೆ ಹೋಗಿ ಬೀಗದ ಸೆಟ್ಟನ್ನೇ ಬದಲಿಸಿ. ಹೊಸ ಕೀಗಳೆರಡರಿಂದಲೂ ಬಾಗಿಲು, ಡಿಕ್ಕಿ, ಸ್ಟಾರ್ಟ್ ಪರೀಕ್ಷಿಸಿ. ಒಮ್ಮೆ ಸ್ಟಾರ್ಟ್ ಆಗಿದ್ದು ಸಾಲದು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಿ. ಬಿಲ್ ಬರೆಸಿಕೊಳ್ಳಿ.

ಮತ್ತೊಂದು ಸಣ್ಣ ವಿಷಯ. ಬಾಗಿಲು ಮೊದಲೇ ತೆರೆದಿದ್ದರೆ ಒಳಗಿನ ದೀಪ ಹಚ್ಚಿಟ್ಟು, ಬಾಗಿಲು ಅಗಲಿಸಿ ಕೂತು ಕಾಯಬೇಡಿ. ಗಾಡಿಯ ಬ್ಯಾಟರಿ ಇಳಿದರೆ ಪ್ರೋಗ್ರಾಮಿಂಗ್ ನಡುವೆ ಕೈಕೊಡುತ್ತದೆ.

*ಶೋರೂಂಗೆ ಒಯ್ಯುವುದು.* ಹೊಸ ಗಾಡಿ, ವಾರಂಟಿ ಇನ್ನೂ ಇದೆ, ಅಥವಾ ಹೊರಗಿನವರ ಯಂತ್ರಕ್ಕೆ ಬಗ್ಗದ ಮಾಡೆಲ್ ಎಂದಾದರೆ ಇದೇ ದಾರಿ. ಅವರು ಆರ್‌ಸಿ, ಐಡಿ, ಪೊಲೀಸ್ ಸ್ವೀಕೃತಿ ಪಡೆದು ಚಾಸಿ ನಂಬರ್ ಮೇಲೆ ಕಂಪನಿಯಿಂದ ಕೀ ತರಿಸುತ್ತಾರೆ. ಅದು ಬರಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಹತ್ತಿರದ ಶೋರೂಂಗಿಂತ ನಿಮ್ಮ ಊರಿನ ಶೋರೂಂಗೆ ಒಯ್ಯುವುದೇ ಜಾಣತನ, ಟೋಯಿಂಗ್ ಇನ್ಶೂರೆನ್ಸ್‌ನಲ್ಲಿ ಸಿಗುವಷ್ಟು ದೂರವಾದರೆ.

ಕ್ರೇನ್ ಕರೆಸುವಾಗ ಗಾಡಿ ಪೂರ್ತಿ ಮೇಲೆ ಕೂರುವ ಫ್ಲ್ಯಾಟ್‌ಬೆಡ್ ಎಂದೇ ಹೇಳಿ. ಕೀ ಇಲ್ಲದ ಗಾಡಿಯ ಸ್ಟೇರಿಂಗ್ ಲಾಕ್ ಆಗಿರುತ್ತದೆ, ಹ್ಯಾಂಡ್ ಬ್ರೇಕ್ ಹಾಕಿರುತ್ತದೆ. ಆಟೋಮ್ಯಾಟಿಕ್ ಆದರೆ ಪಿ (ಪಾರ್ಕಿಂಗ್) ಗೇರ್‌ನಲ್ಲಿ ಚಕ್ರವೇ ಬಿಗಿದಿರುತ್ತದೆ. ಅದನ್ನು ಎಳೆದಾಡಿದರೆ ಗೇರ್‌ಬಾಕ್ಸ್‌ಗೆ ಪೆಟ್ಟು. ಬಾಗಿಲು ತೆರೆದಿದ್ದರೆ ಗೇರ್ ಲಿವರ್ ಪಕ್ಕ ಒಂದು ಚಿಕ್ಕ ಮುಚ್ಚಳ ನೋಡಿ. ಬಹಳಷ್ಟು ಆಟೋಮ್ಯಾಟಿಕ್ ಗಾಡಿಗಳಲ್ಲಿ ಅದನ್ನು ತೆಗೆದು ಒಳಗೆ ಒತ್ತಿದರೆ ಲಿವರನ್ನು ನ್ಯೂಟ್ರಲ್‌ಗೆ ತರಬಹುದು. ತರುವ ಮುನ್ನ ಚಕ್ರಕ್ಕೆ ಕಲ್ಲು ಕೊಡಿ, ಮಲೆನಾಡಿನಲ್ಲಿ ಸಮತಟ್ಟಾದ ಜಾಗ ಎಲ್ಲಿದೆ? ಬಟನ್ ಹ್ಯಾಂಡ್ ಬ್ರೇಕ್ ಇದ್ದರೆ ಬಿಚ್ಚಲು ಆಗುವುದಿಲ್ಲ. ಚಕ್ರದ ಕೆಳಗೆ ಇಡುವ ಉರುಳುಗಾಲಿ ತರಲು ಫೋನ್‌ನಲ್ಲೇ ಹೇಳಿ.

ಬಾಗಿಲು ಮಾತ್ರ ತೆಗೆಸುವುದಾದರೆ

ಮಾತ್ರೆ, ದುಡ್ಡು, ಮಗುವಿನ ಹಾಲಿನ ಬಾಟಲಿ ಒಳಗಿದ್ದರೆ ಬಾಗಿಲು ಬೇಗ ಬೇಕಾಗುತ್ತದೆ. ಮೊದಲು ಯೋಚಿಸಿ, ಒಳಗಿರುವುದನ್ನು ಕೊಂಡರೆ ಆಗುತ್ತದಾ? ಅಮ್ಮನ ಬಿಪಿ ಮಾತ್ರೆಯ ಚೀಟಿ ನನ್ನ ಫೋನ್‌ನಲ್ಲೇ ಇತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್‌ನಲ್ಲಿ ಒಂದು ಸ್ಟ್ರಿಪ್ ಸಿಗುತ್ತಿತ್ತು. ಅದು ಹೊಳೆಯುವಷ್ಟರಲ್ಲಿ ನಾನು ಮೆಕ್ಯಾನಿಕ್ ಕರೆಸಿ, ತಂತಿ ತೂರಿಸಿ, ಬಾಗಿಲ ರಬ್ಬರ್ ಹರಿಸಿ, ಪೇಂಟ್ ಗೀರಿಸಿ ಆಗಿತ್ತು. ಬಾಗಿಲೂ ತೆರೆಯಲಿಲ್ಲ. 500 ರೂಪಾಯಿ ಕೊಟ್ಟೆ.

ಸರಿಯಾಗಿ ಮಾಡುವವರು ಬಾಗಿಲ ಮೇಲಿನ ಅಂಚಿನಲ್ಲಿ ಗಾಳಿ ತುಂಬುವ ಚಪ್ಪಟೆ ಚೀಲ ತೂರಿಸಿ, ಸ್ವಲ್ಪ ಸಂದು ಮಾಡಿ, ಪ್ಲಾಸ್ಟಿಕ್ ಸುತ್ತಿದ ಉದ್ದ ಸಲಾಕೆಯಿಂದ ಒಳಗಿನ ಹಿಡಿ ಎಳೆಯುತ್ತಾರೆ. ಗಾಜಿನ ಬುಡದಲ್ಲಿ ಸ್ಟೀಲ್ ಸ್ಕೇಲ್ ಇಳಿಸಿ ಕೆದಕುವವರನ್ನು ತಡೆಯಿರಿ. ಈಗಿನ ಗಾಡಿಗಳ ಬಾಗಿಲೊಳಗೆ ವೈರು, ಸೆನ್ಸರ್ ಇರುತ್ತವೆ. ಹಾಗೆಯೇ, ಕೀ ಮಾಡುವವರು ಹೇಗೂ ಬರುತ್ತಿದ್ದಾರೆ ಎಂದರೆ ಬೀಗಕ್ಕೆ ಯಾರನ್ನೂ ಕೈ ಹಾಕಲು ಬಿಡಬೇಡಿ. ಬೀಗ ಹಾಳಾದರೆ ಅದನ್ನು ಓದಿ ಕೀ ಮಾಡುವ ದಾರಿಯೂ ಮುಚ್ಚುತ್ತದೆ.

ಊರಿಗೆ ಬಂದ ಮೇಲೆ

ಹೊಸ ಕಾರಿನ ಜೊತೆ ಕೀ ನಂಬರ್ ಕೊರೆದ ಚಿಕ್ಕ ಬಿಲ್ಲೆ ಬಂದಿದ್ದರೆ ಅದರ ಫೋಟೋ ತೆಗೆದು, ಬಿಲ್ಲೆಯನ್ನು ಮನೆಯಲ್ಲಿಡಿ. ಆ ನಂಬರ್ ಇದ್ದರೆ ಬೀಗ ಓದುವ ಕೆಲಸ ಉಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಎರಡು ಕೀ ಕೈಗೆ ಬಾರದೆ ಪೂರ್ತಿ ದುಡ್ಡು ಕೊಡಬೇಡಿ. ಒಂದೇ ಕೀ ಇದ್ದರೆ ಎರಡನೆಯದನ್ನು ಮಾಡಿಸುವ ಖರ್ಚನ್ನು ರೇಟಿನಲ್ಲೇ ಮುರಿಯಿರಿ. ಗಾಡಿ ಕಳುವಾದಾಗ ಇನ್ಶೂರೆನ್ಸ್‌ನವರು ಎರಡೂ ಕೀ ಕೇಳುತ್ತಾರೆ. ಆಗ ‘ಒಂದೇ ಇತ್ತು’ ಎಂದರೆ ಮುಖ ನೋಡುತ್ತಾರೆ. ಕಳೆದದ್ದಕ್ಕೆ ಪೊಲೀಸ್ ಸ್ವೀಕೃತಿ, ಹೊಸದು ಮಾಡಿಸಿದ ಬಿಲ್ ಎರಡನ್ನೂ ಪಾಲಿಸಿ ಜೊತೆ ಇಟ್ಟಿರಿ.

ದೂರದ ಊರಿಗೆ ಹೋಗುವಾಗ ಎರಡನೇ ಕೀ ಜೊತೆಗೆ ಬರಬೇಕು, ಆದರೆ ಬೇರೆಯವರ ಬಳಿ ಇರಬೇಕು. ಕಾರಿನೊಳಗಿನ ಬ್ಯಾಗಿನಲ್ಲಲ್ಲ, ಅದೇ ಗೊಂಚಲಿನಲ್ಲಂತೂ ಅಲ್ಲವೇ ಅಲ್ಲ. ನಮ್ಮದು ಈಗ ಅಮ್ಮನ ಎಲೆ ಅಡಿಕೆ ಚೀಲದಲ್ಲಿದೆ, ಸುಣ್ಣದ ಡಬ್ಬಿ ಪಕ್ಕ. ಮೊನ್ನೆ ಒಂದು ದಿನ ಸುಮ್ನೆ ನೋಡೋಣ ಎಂದು ಕೇಳಿದೆ. “ಮೊದ್ಲು ನಿನ್ ಹತ್ರ ಇರೋದನ್ನ ತೋರ್ಸು” ಎಂದರು.